ಸೊಸೈಟಿಯಲ್ಲಿ ಹೆಬ್ಬಾವು

"ಶೆಟ್ರೇ, ಡೊಂಬಿವಲಿ ಫ್ಲ್ಯಾಟಲ್ಲಿ ಹೆಬ್ಬಾವು ಸಾಕ್ತೀರಂತೆ?"

"ಬಾಲ್ ಪೈಥಾನ್ ರಾಯ್ರೇ, ಆಫ್ರಿಕಾದ್ದು. ನಮ್ಮೂರ ಹೆಬ್ಬಾವಾದ್ರೆ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿ, ಸೀದಾ ಜೈಲು."

"ಇದಕ್ಕೆ ಕಾನೂನಿಲ್ವ?"

"ಉಂಟಲ್ಲ! ಅದೇ ಕಾಯ್ದೆಗೆ 2022ರ ತಿದ್ದುಪಡಿ ಬಂದ ಮೇಲೆ, ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ. ಮರಿ ಹುಟ್ಟಿದ್ರೂ ತಿಳಿಸ್ಬೇಕು, ಸತ್ರೂ ತಿಳಿಸ್ಬೇಕು. ನನ್ನ ಮಗ ಹುಟ್ಟಿದಾಗ ಇಷ್ಟು ಕಾಗದ ಇರ್ಲಿಲ್ಲ."

"ಮರಿ ಮಾರಿ ಲಾಭ?"

"ಆರು ಮೊಟ್ಟೆ. ಎರಡು ತಿಂಗಳು 31 ಡಿಗ್ರಿ ಕಾವು. ನಡುವೆ ಕರೆಂಟು ಹೋಯ್ತು. ಹೆಂಡತಿಯ ಕಂಬಳಿ ಹೊದೆಸಿದೆ. ನಾಲ್ಕು ಕೊಳೆತವು, ಕಂಬಳಿಯೂ ಹೋಯ್ತು."

"ಉಳಿದೆರಡು?"

"ಉಪವಾಸ! ಇಲಿ ಕೊಟ್ರೆ ಮುಖ ತಿರುಗಿಸ್ತವೆ."

(ಫ್ರಿಜ್ಜಿನಲ್ಲಿ ಬಂಗುಡೆಯ ಪಕ್ಕದಲ್ಲೇ ಹೆಪ್ಪುಗಟ್ಟಿದ ಇಲಿಗಳು. ನಾನು ಚಹಾ ಬೇಡವೆಂದೆ.)

"ಗಿರಾಕಿ?"

"ಕಲ್ಯಾಣದವನೊಬ್ಬ ಬಂದ. ಕಾಗದ ತೋರಿಸಿದೆ, ಓಡಿದ. ಅವನಿಗೆ ಬೇಕಿದ್ದದ್ದು ಕಾಗದವಿಲ್ಲದ್ದು."

"ಸೊಸೈಟಿಯವರು ಸುಮ್ಮನಿದ್ದಾರಾ?"

"ಹಾವಿಗೆ ತಕರಾರಿಲ್ಲ. ನೋಟಿಸು ಬಂದದ್ದು ಬಂಗುಡೆ ಹುರಿದದ್ದಕ್ಕೆ."