ಎಡೆದೊರೆನಾಡಿನ ಪಿತೃತೈಲಚಿತ್ರಗಳು: ಕಾಲ, ಕರ್ತೃತ್ವ ಮತ್ತು ಕಿವಿ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆನಾಡು ತಮಗೇ ಬೇಕೆಂದು ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಅದೇ ನೆಲದಲ್ಲಿ ಈಗ ನಡೆದಿರುವ ಇನ್ನೊಂದು ಕಲಹ ಇತಿಹಾಸಕಾರರ ಕಣ್ಣಿಗೆ ಬಿದ್ದಿಲ್ಲ. ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಬಿಟ್ಟುಹೋದ ತೈಲಚಿತ್ರಗಳು ಈ ಕಲಹದ ಮೂಲ. ಕಾದಾಡುತ್ತಿರುವವರು ರಾಯಚೂರಿನ ಹಿರಿಮಗ, ಮಾನ್ವಿಯ ಕಿರಿಮಗ ಮತ್ತು ದೇವದುರ್ಗಕ್ಕೆ ಕೊಟ್ಟ ಮಗಳು. ಅಂದಿನ ಅರಸರು "ನನಗೆ" ಎಂದು ಹೊಡೆದಾಡಿದರೆ ಇವರು "ನಿಮ್ಮನ್ಯಾಗ ಇರ್ಲಿ" ಎಂದು ಹೊಡೆದಾಡುತ್ತಾರೆ. ಹಾಗಂತ ಹೊರಗಿನವರು ಯಾರಾದರೂ ಒಂದು ಚಿತ್ರ ಕೇಳಲಿ, ಮೂರೂ ಸೈನ್ಯ ಒಂದಾಗುತ್ತವೆ: "ಅಪ್ಪನ ಕೈದು, ಹ್ಯಾಂಗ ಕೊಡಾಕ ಬರ್ತದ್ರಿ?"

ಈ ಸಂಗ್ರಹವನ್ನು ಮೊದಲು ಅಧ್ಯಯನ ಮಾಡಿದವರು ಕುಟುಂಬದ ಸೋದರಮಾವ. ಪಿಕಾಸೊನ ಕಲೆಯಲ್ಲಿ 1901ರಿಂದ 1904ರವರೆಗೆ ಒಂದು ನೀಲಿ ಘಟ್ಟವಿದೆಯೆಂದು ಎಲ್ಲೋ ಓದಿದ್ದ ಅವರು ಭಾವನ ಕಲೆಯಲ್ಲೂ ಮೂರು ಘಟ್ಟಗಳನ್ನು ಗುರುತಿಸಿದರು: ರಾಯಚೂರಿನ ಬಿಳಿಚು ಘಟ್ಟ, ಮಾನ್ವಿಯ ಹಳದಿ ಘಟ್ಟ, ದೇವದುರ್ಗದ ಕಪ್ಪು ಘಟ್ಟ. ಯೌವನದ ಹುರುಪಿಗೆ ಬಿಳಿಚು, ಸಂಸಾರದ ಚಿಂತೆಗೆ ಹಳದಿ, ವೈರಾಗ್ಯಕ್ಕೆ ಕಪ್ಪು ಎಂದು ವ್ಯಾಖ್ಯಾನವನ್ನೂ ಬರೆದರು. ವ್ಯಾಖ್ಯಾನ ಸೊಗಸಾಗಿದೆ. ಆದರೆ ಪೂರ್ವಪಕ್ಷವೊಂದು ಎದ್ದಿದೆ. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿಟ್ಟರೆ ಹಳದಿಗೆ ತಿರುಗುತ್ತದೆ, ಬೆಳಕಿಗೆ ತಂದರೆ ಆ ಹಳದಿ ಸಾಕಷ್ಟು ಇಳಿಯುತ್ತದೆ. ಮಾನ್ವಿಯ ಚಿತ್ರಗಳು ಮಂಚದ ಕೆಳಗೆ, ಟ್ರಂಕಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿವೆ. ದೇವದುರ್ಗದವು ದೇವರ ಜಗಲಿಯ ಮೇಲೆ ದೀಪದ ಮಸಿ ಮತ್ತು ಊದುಬತ್ತಿಯ ಹೊಗೆ ಕುಡಿಯುತ್ತಿವೆ. ರಾಯಚೂರಿನವು ಪಡುವಣ ಕಿಟಕಿಯ ಎದುರಿಗಿವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಬಿಸಿಲು ದಿನವೂ ಬಡಿದು, ಅವ್ವನ ಕೆಂಪು ಇಳಕಲ್ ಸೀರೆ ಚಿತ್ರದಲ್ಲಿ ಗುಲಾಬಿಯಾಗಿದೆ. ಈ ಆಕ್ಷೇಪ ರಸಾಯನಶಾಸ್ತ್ರದ ಮಟ್ಟಿಗೆ ಸರಿಯೇ ಇರಬಹುದು. ಅಷ್ಟಕ್ಕೇ ಕಲಾವಿಮರ್ಶೆ ತನ್ನ ಮೂರು ಘಟ್ಟಗಳನ್ನು ಬಿಟ್ಟುಕೊಡಬೇಕಿಲ್ಲ.

ಸಾಮಗ್ರಿಯ ವಿಚಾರದಲ್ಲಿ ಮಾತ್ರ ವಿದ್ವಾಂಸರಿಗೆ ಒಮ್ಮತವಿದೆ. ತೈಲವರ್ಣ ಯುರೋಪಿನಿಂದ ಬಂತು, ರವಿವರ್ಮ ಅದನ್ನು ಮನೆಮಾತಾಗಿಸಿದ, ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿಗೆ ತಂದರು ಎಂಬುದೆಲ್ಲ ಗೊತ್ತಿದ್ದದ್ದೇ. ಆದರೆ ಕ್ಯಾನ್ವಾಸಿಗೆ ಬೇಕಾದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಗಾಡಿಗಟ್ಟಲೆ ಬರುತ್ತದೆ. ಎಣ್ಣೆಗೆ ಬೇಕಾದ ಅಗಸಿ, ಹಿಂಡಿಯಾಗಿ ಜೋಳದ ರೊಟ್ಟಿಯ ಪಕ್ಕದಲ್ಲಿ ಮೊದಲೇ ಕೂತಿತ್ತು. ಆದ್ದರಿಂದ ಈ ಕಲೆ ವಿದೇಶಿಯಲ್ಲ, ಊಟದ ತಾಟಿನಿಂದ ಗೋಡೆಗೆ ಏರಿದ್ದು ಎಂಬುದು ನಮ್ಮ ಸಿದ್ಧಾಂತ. ಇನ್ನೊಂದು ಮಾತು: ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಅದರ ತೂಕ ಹೆಚ್ಚುತ್ತದೆ. ಚಿತ್ರಗಳನ್ನು ದೇವದುರ್ಗಕ್ಕೆ ಬಸ್ಸಿನಲ್ಲಿ ಒಯ್ದ ಅಳಿಯಂದಿರು ಇದನ್ನು ಯಾವ ಪ್ರಯೋಗಾಲಯವೂ ಇಲ್ಲದೆ ಕಂಡುಕೊಂಡಿದ್ದರು. ಅವರು ತೆಗೆಸಿದ ಲಗೇಜು ಟಿಕೀಟು ಚೌಕಟ್ಟಿನ ಹಿಂದೆ ಇಂದಿಗೂ ಅಂಟಿಕೊಂಡಿದೆ. ಸಂಗ್ರಹದಲ್ಲಿ ತಾರೀಖು ಇರುವ ದಾಖಲೆ ಅದೊಂದೇ. ಮಾಸ್ತರರು ರುಜು ಹಾಕುತ್ತಿದ್ದರು, ಇಸವಿ ಹಾಕುತ್ತಿರಲಿಲ್ಲ.

ರುಜು ಮಾಸಿದ ಕಡೆ ಕರ್ತೃತ್ವ ನಿರ್ಣಯ ಹೇಗೆ? ಇಟಲಿಯ ಜೊವಾನಿ ಮೊರೆಲ್ಲಿ (1816–1891) ಒಂದು ದಾರಿ ತೋರಿಸಿದ್ದಾನೆ. ಮುಖ, ಭಂಗಿಗಳನ್ನು ಯಾರಾದರೂ ನಕಲು ಮಾಡಿಯಾರು. ಕಿವಿ, ಉಗುರುಗಳಂಥ ಸಣ್ಣಪುಟ್ಟ ಕಡೆ ಕಲಾವಿದನ ಕೈ ಗಮನವಿಲ್ಲದೆ ಓಡುತ್ತದೆ, ಹುಡುಕುವವರು ಅಲ್ಲಿ ಹುಡುಕಬೇಕು ಎಂದು ಅವನ ವಾದ. ಈ ವಿಧಾನ ನಮ್ಮ ಸಂಗ್ರಹಕ್ಕೆ ಹೇಳಿಮಾಡಿಸಿದಂತಿದೆ. ಗಾಂಧಿ, ಬುದ್ಧ, ಮಾನ್ವಿಯ ಜಗನ್ನಾಥದಾಸರು, ಅವ್ವ, ಎಮ್ಮೆ, ಎಲ್ಲರಿಗೂ ಒಂದೇ ಕಿವಿ. ತುದಿ ಚೂಪು, ನಡುವೆ ಸೊನ್ನೆ, ಕೆಳಗೆ ಒಂದು ಕಂದು ಗೀಟು. ಎಮ್ಮೆಗೆ ಅದು ಚೆನ್ನಾಗಿ ಒಪ್ಪಿದೆ.

ಸಂಗ್ರಹದ ಮೇರುಕೃತಿ 'ಕಲ್ಲಿನ ಬಂಡಿ'. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ. 1294ರಲ್ಲಿ ಗೋರೆ ಗನ್ನಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಆ ಬಂಡೆಯನ್ನು ಬಂಡಿಗೆ ಹೇರಿ, ಕೋಣಗಳ ಸಾಲು ಹೂಡಿ ಎಳೆತಂದ ದೃಶ್ಯವನ್ನೂ ಪಕ್ಕದಲ್ಲೇ ಗೀಚಿದ್ದಾರೆ. ಮಾಸ್ತರರು ಅದನ್ನೇ ಎರಡಡಿ ಬಟ್ಟೆಗೆ ಇಳಿಸಿದರು. ಕೋಟೆಯಲ್ಲಿ ಕೋಣಗಳ ಉದ್ದ ಸಾಲಿದೆ. ಚಿತ್ರದಲ್ಲಿರುವುದು ಒಂದೂವರೆ ಜೋಡಿ. ಅರ್ಧ ಕೋಣವನ್ನು ಕಂಡ ಸೋದರಮಾವ "ಶ್ರಮದ ಅನಂತತೆಗೆ ಸಂಕೇತ" ಎಂದರು. ಚೌಕಟ್ಟು ಬಿಚ್ಚಿ ನೋಡಿದಾಗ ಉಳಿದ ಕೋಣಗಳು ಒಳಗೆ ಮಡಚಿಕೊಂಡು ನಿಂತಿದ್ದವು. ಚೌಕಟ್ಟು ಅಗ್ಗಕ್ಕೆ ಸಿಕ್ಕಿತ್ತು, ಅದರ ಅಳತೆಗೆ ಇತಿಹಾಸವನ್ನು ಮಡಚಲಾಗಿತ್ತು.

ಇತ್ತೀಚೆಗೆ ಬುದ್ಧನ ಚಿತ್ರದಲ್ಲೂ ಹೊಸ ಶೋಧವಾಗಿದೆ. ಎಣ್ಣೆಬಣ್ಣಕ್ಕೆ ವಯಸ್ಸಾದಂತೆ ಪದರ ತುಸು ಪಾರದರ್ಶಕವಾಗಿ ಅಡಿಯಲ್ಲಿ ಮುಚ್ಚಿದ್ದು ಮೇಲೆ ಕಾಣತೊಡಗುತ್ತದೆ. ಬುದ್ಧನ ಪ್ರಭಾವಳಿಯ ಸುತ್ತ ಮೊದಲು ಒಂದು ಒತ್ತಕ್ಷರ ಮೂಡಿತು, ಆಮೇಲೆ "ಪ್ರಚಂಡ ಬಹುಮತದಿಂದ" ಎಂಬಷ್ಟು ಸ್ಪಷ್ಟವಾಯಿತು. ಬಟ್ಟೆ ಯಾವುದೋ ಚುನಾವಣೆಯ ಬ್ಯಾನರು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರೇ ಇದ್ದದ್ದರಿಂದ 'ದೇವಾನಾಂಪ್ರಿಯ' ಯಾರೆಂಬ ಚರ್ಚೆ ಮುಗಿಯಿತು. ನಮ್ಮ ಅಭ್ಯರ್ಥಿಯ ಹೆಸರು ಇನ್ನೂ ಬುದ್ಧನ ಎಡ ಭುಜದ ಕೆಳಗಿದೆ. ಬಣ್ಣ ತೆಳುವಾಗುವವರೆಗೆ ಸಂಶೋಧಕರು ಕಾಯಲೇಬೇಕು.

ಇಷ್ಟೆಲ್ಲ ಆದಮೇಲೆ ಅವ್ವ ಬಾಯಿಬಿಟ್ಟರು. ವಿದ್ವಾಂಸರು ಅಲ್ಲಿಯವರೆಗೆ ಅವರನ್ನು ಕೇಳಿರಲಿಲ್ಲ, ಮೌಖಿಕ ಆಕರಗಳನ್ನು ನಂಬುವಂತಿಲ್ಲ ಎಂಬ ಕಾರಣಕ್ಕೆ. "ಕಿವಿ ನಿಮ್ಮಪ್ಪನ್ವು. ಆಕಾಶ ಎಲ್ಲಾ ನಾನು ಹಚ್ಚೀನಿ. ಅವರಿಗೆ ಬ್ಯಾಸರ ಬರ್ತಿತ್ತು," ಎಂದರು. ಬಯಲುಸೀಮೆಯ ಚಿತ್ರದಲ್ಲಿ ಆಕಾಶವೇ ಮುಕ್ಕಾಲು ಪಾಲು. ವಾಟ್ನಿಯ ಲೆಕ್ಕವೆಲ್ಲ ತಲೆಕೆಳಗಾಯಿತು. ತನ್ನ ಪಾಲಿಗೆ ಬಂದದ್ದರಲ್ಲಿ ಅಪ್ಪನದು ಬರೀ ಒಂದು ಎಮ್ಮೆಯೆಂದೂ, ಉಳಿದದ್ದನ್ನು ಅವ್ವನ ಲೆಕ್ಕಕ್ಕೆ ಹಾಕಿ ತನಗೆ ಇನ್ನೊಂದು ಚಿತ್ರ ಕೊಡಬೇಕೆಂದೂ ದೇವದುರ್ಗದ ಮಗಳು ಪಟ್ಟು ಹಿಡಿದಿದ್ದಾರೆ. ಬೇಡವೆಂದ ಚಿತ್ರವನ್ನು ಒಬ್ಬರು ಕೇಳಿ ಪಡೆಯಲು ಹೊರಟದ್ದು ಇದೇ ಮೊದಲು. ಅಣ್ಣತಮ್ಮಂದಿರಿಗೆ ತಕ್ಷಣ ಅನುಮಾನ ಬಂತು. ಆಕಾಶವನ್ನು ಚದರಡಿಯಲ್ಲಿ ಅಳೆದೇ ತೀರ್ಮಾನಿಸುವುದೆಂದು ಒಪ್ಪಂದವಾಗಿದೆ. ಟೇಪು ಮಾನ್ವಿಯಿಂದ ಬರಬೇಕು.