ಎಂಬತ್ತಕ್ಕೆ ಬರುವ ದರ್ಶನ

ನಮ್ಮ ಇನ್ನಂಜೆಯಲ್ಲಿ ಯಾರದಾದರೂ ಕಾರಿಗೆ ಕಾಯಿಲೆ ಬಂದರೆ ಮೆಕ್ಯಾನಿಕ್ಕಿಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ. ಮೊದಲು ಗೊತ್ತಾಗುವುದು ಬೇಲಿಯಾಚೆಯವರಿಗೆ. ಮದ್ದನ್ನೂ ಅವರೇ ಹೇಳಿಬಿಡುತ್ತಾರೆ. ನನ್ನ ಬೇಲಿಯಾಚೆ ಇರುವುದು ಬ್ಯಾಂಕಣ್ಣ. ಉಡುಪಿ ಕಡೆ ನಿವೃತ್ತ ಬ್ಯಾಂಕಿನವರಿಗೇನೂ ಬರಗಾಲವಿಲ್ಲ, ಹೆಸರು ಹೇಳದೆ ‘ಬ್ಯಾಂಕಣ್ಣ’ ಎಂದರೆ ಹತ್ತು ಮನೆಯವರು ಓಗೊಟ್ಟಾರು. ಇವರು ಕಾರನ್ನು ವಾರಕ್ಕೊಮ್ಮೆ ತೊಳೆದು, ಹದಿನೈದು ದಿನಕ್ಕೊಮ್ಮೆ ಓಡಿಸುವ ಜಾತಿ.

“ಎಂಥ ಮಾರಾಯ್ರೆ ಇದು! ಶಂಕರಪುರಕ್ಕೆ ಹೋದರೆ ಏನೂ ಇಲ್ಲ, ಪಾಂಗಾಳದವರೆಗೂ ಏನೂ ಇಲ್ಲ. ಹೈವೇ ಹತ್ತಿ ಎಂಬತ್ತು ಮುಟ್ಟಿತೋ, ಸ್ಟಿಯರಿಂಗಿಗೆ ದೈವದ ಪಾತ್ರಿಗೆ ದರ್ಶನ ಬಂದ ಹಾಗೆ ನಡುಕ. ನೂರು ದಾಟಿದ ಮೇಲೆ ತನ್ನಷ್ಟಕ್ಕೆ ಇಳಿಯುತ್ತದೆ.”

“ಮತ್ತೆ ಈಗ ಹೇಗೆ ಓಡಿಸುವುದು?”

“ನೂರರ ಮೇಲೆಯೇ.”

ಇದನ್ನು ಅವರು ಪರಿಹಾರ ಎಂದುಕೊಂಡಿದ್ದರು. ಅಷ್ಟರಲ್ಲಿ ಊರಿನ ಪಂಡಿತರೆಲ್ಲ ಬಂದು ನೋಡಿ ಹೋಗಿಯೂ ಆಗಿತ್ತು. ಅಳಿಯ ಇಂಜಿನ್ ಮೌಂಟಿಂಗ್ ಹೋಗಿದೆ ಎಂದಿದ್ದ. ಭಜನಾ ಮಂದಿರದ ಬಳಿ ಸಿಕ್ಕಿದವರೊಬ್ಬರು ಶಾಕ್ ಅಬ್ಸಾರ್ಬರ್ ಎಂದಿದ್ದರು. ಒಂದು ವರ್ಕ್‌ಶಾಪಿನವರಂತೂ ಲೋವರ್ ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬುಷ್ ಸೆಟ್ ಎಂದು ಐದಂಕಿಯ ಎಸ್ಟಿಮೇಟನ್ನೇ ಕೊಟ್ಟಿದ್ದರು. ಇಷ್ಟು ಜನರಲ್ಲಿ ಒಬ್ಬರೂ ಕಾರಿನಲ್ಲಿ ಕೂತು ಹೈವೇಗೆ ಹೋಗಿ ಬಂದಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ನಿಂತ ಕಾರಿನ ಬಾನೆಟ್ ಎತ್ತಿ ನೋಡಿ ಎಂಬತ್ತರ ವೇಗದ ರೋಗ ಹೇಳುವ ವಿದ್ಯೆ ಯಾರಿಗೂ ಇಲ್ಲ.

ಈ ರೋಗ ನಮ್ಮ ಕಡೆ ಈಚೆಗೆ ಹೆಚ್ಚಾಗಿದೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಹೈವೇಗೆ 17 ಎಂಬ ನಂಬರ್ ಇದ್ದ ಕಾಲದಲ್ಲಿ, ಎರಡೇ ಪಥದ ರಸ್ತೆಯಲ್ಲಿ ಮುಂದೆ ಲಾರಿ, ಎದುರಿಗೆ ಎಕ್ಸ್‌ಪ್ರೆಸ್ ಬಸ್ಸು. ಕಾಪುವಿನಿಂದ ಪಡುಬಿದ್ರಿಗೆ ಹೋಗುವಷ್ಟರಲ್ಲಿ ಎಂಬತ್ತು ಮುಟ್ಟಿದರೆ ಪುಣ್ಯ. ಈಗ ಅದು 66 ಆಗಿದೆ, ನಾಲ್ಕು ಪಥವೂ ಆಗಿದೆ. ಕಟಪಾಡಿ ದಾಟಿದರೆ ಮುಳ್ಳು ತಾನಾಗಿಯೇ ಎಂಬತ್ತು-ತೊಂಬತ್ತರಲ್ಲಿ ನಿಲ್ಲುತ್ತದೆ. ನಡುಕ ಚಕ್ರದೊಳಗೆ ಮೊದಲೂ ಇತ್ತು, ಹೊರಗೆ ಬರಲು ರಸ್ತೆ ಇರಲಿಲ್ಲ. ಊರೊಳಗೆ ನಲವತ್ತರಲ್ಲಿ ಓಡಾಡುವವರಿಗೆ ಅದು ತಿಳಿಯುವುದು ಮಗನನ್ನು ಕರೆತರಲು ಬಜ್ಪೆ ಏರ್‌ಪೋರ್ಟಿಗೆ ಹೊರಟ ದಿನವೇ.

ಎಂಬತ್ತಕ್ಕೆ ಯಾಕೆ ಬರುತ್ತದೆ, ನೂರಕ್ಕೆ ಯಾಕೆ ಹೋಗುತ್ತದೆ? ಬ್ಯಾಂಕಣ್ಣನಿಗೆ ಲೆಕ್ಕದಲ್ಲಿ ಹೇಳಿದರೇ ಸಮಾಧಾನ. ಅವರ ಕಾರಿನದು 14 ಇಂಚಿನ ರಿಮ್, 165/80 ಟಯರ್. ಒಂದು ಸುತ್ತು ಉರುಳಿದರೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಗಂಟೆಗೆ 90 ಎಂದರೆ ಸೆಕೆಂಡಿಗೆ 25 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 13 ಸಲ ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ 30 ಗ್ರಾಂ ಹೆಚ್ಚಿದೆ ಎನ್ನಿ. ಆ ವೇಗದಲ್ಲಿ ಅದು ಮೂರೂವರೆ ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಹೊರಗೆಳೆಯುತ್ತದೆ, ಅದೂ ಸೆಕೆಂಡಿಗೆ 13 ಸಲ ದಿಕ್ಕು ಸುತ್ತುತ್ತಾ. 45ರ ವೇಗದಲ್ಲಿ ಅದೇ ಬಲ ಒಂದು ಕಿಲೋ ಕೂಡ ಇರುವುದಿಲ್ಲ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

“ಚಕ್ರಬಡ್ಡಿ ಅನ್ನಿ,” ಅಂದರು ಬ್ಯಾಂಕಣ್ಣ. ಮೂವತ್ತು ವರ್ಷ ಲೆಡ್ಜರ್ ನೋಡಿದವರು ಇನ್ನೇನು ಹೇಳಿಯಾರು!

ಚಕ್ರ ಮತ್ತು ಅದನ್ನು ಹಿಡಿದಿರುವ ಸಸ್ಪೆನ್ಷನ್ನಿಗೂ ತನ್ನದೇ ಒಂದು ಸ್ವಭಾವದ ಕಂಪನ ಉಂಟು. ಸೆಕೆಂಡಿಗೆ ಹತ್ತು, ಹದಿನೈದು ಸಲದ ಆಸುಪಾಸು. ಚಕ್ರದ ತಿರುಗಾಟ ಅದಕ್ಕೆ ತಾಳ ಕೂಡಿಸಿದಾಗ ನಡುಕ ಕೈಗೆ ಬರುತ್ತದೆ. ವೇಗ ಇನ್ನೂ ಹೆಚ್ಚಿದರೆ ತಾಳ ತಪ್ಪಿ ಕೈಗೆ ಕಡಿಮೆಯಾಗುತ್ತದೆ. ಬಲವೇನೂ ಕಡಿಮೆಯಾಗಲಿಲ್ಲ, ಹೆಚ್ಚೇ ಆಗಿದೆ. ಅದು ಬೇರಿಂಗಿಗೂ ಜಾಯಿಂಟಿಗೂ ಬೀಳುತ್ತಿರುತ್ತದೆ, ಅಷ್ಟೆ. ನೂರರ ಮೇಲೆ ಓಡಿಸುವ ಪರಿಹಾರದ ಬಂಡವಾಳ ಇದು. ಹೆಜಮಾಡಿ ಟೋಲಿನಾಚೆ ಪೊಲೀಸರು ನಿಂತಿದ್ದರೆ ಅದರ ಖರ್ಚು ಬೇರೆ.

ಆದರೆ ಎಲ್ಲ ನಡುಕವೂ ಇದೇ ಅಲ್ಲ. ಸ್ಟಿಯರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ, ಸೀಟಿನ ಕೆಳಗೆ ಜುಮ್ಮೆಂದರೆ ಹಿಂದಿನದು. ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಟಯರನ್ನು ಬಿಟ್ಟು ಬ್ರೇಕ್ ಡಿಸ್ಕ್ ನೋಡಿಸಬೇಕು. ಗ್ಯಾಸ್ ಟ್ಯಾಂಕರನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಅದುಮಿದಾಗ ಗಡಗಡ ಎಂದು, ಕಾಲು ತೆಗೆದ ಕೂಡಲೇ ನಿಂತರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟಿನ ಮೇಲೆ ಸಂಶಯಪಡಿ. ಇಂಜಿನ್ನಿನದೋ ಚಕ್ರದ್ದೋ ಎಂದು ತಿಳಿಯಲು ಮೆಕ್ಯಾನಿಕ್ ಕೂಡ ಬೇಡ. ರಸ್ತೆ ಖಾಲಿ ಇದ್ದಾಗ ನಡುಗುವ ವೇಗವನ್ನೇ ಹಿಡಿದು ಐದನೇ ಗೇರಿನಿಂದ ನಾಲ್ಕಕ್ಕೆ ತನ್ನಿ. ಇಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ತಿರುಗುವುದು ಅಷ್ಟೇ. ನಡುಕ ಬದಲಾಗದಿದ್ದರೆ ಅಳಿಯನ ಮೌಂಟಿಂಗ್ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ರಸ್ತೆಯನ್ನೂ ಒಮ್ಮೆ ಸಂಶಯದಿಂದ ನೋಡಬೇಕು. ಬೆಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯ ಕಾಂಕ್ರೀಟಿನ ಮೇಲೆ ಕಾರು ಗುಂಯ್ ಎಂದು, ಡಾಮರು ಬಂದ ಕೂಡಲೇ ಸುಮ್ಮನಾದರೆ ಅದು ಕಾರಿನ ತಪ್ಪಲ್ಲ. ಸೇತುವೆಯ ಜಾಯಿಂಟಿನ ದಡಕ್ ಕೂಡ ಕಾರಿನದಲ್ಲ.

ನಮ್ಮ ಊರಿಗೆ ವಿಶೇಷವಾದ ಎರಡು ಕಾರಣಗಳಿವೆ, ಶೋರೂಮಿನ ಪುಸ್ತಕದಲ್ಲಿ ಅವುಗಳಿಗೆ ಅಷ್ಟು ಜಾಗ ಸಿಗಲಿಕ್ಕಿಲ್ಲ. ಒಂದು, ನಿಂತ ಕಾರು. ಮುಂಬಯಿಯಲ್ಲಿ, ದುಬೈಯಲ್ಲಿ ಇರುವವರು ಊರಲ್ಲಿ ಒಂದು ಕಾರು ಇಟ್ಟುಹೋಗುತ್ತಾರೆ. ಮತ್ತೆ ಅದಕ್ಕೆ ಕೀಲಿ ತಿರುಗುವುದು ಮನೆಯ ದೈವದ ನೇಮಕ್ಕೋ, ಮಾರಿಪೂಜೆಗೋ, ಮಕ್ಕಳ ರಜೆಗೋ. ಅಷ್ಟು ತಿಂಗಳು ಕಾರಿನ ಭಾರವೆಲ್ಲ ಟಯರಿನ ಒಂದೇ ಜಾಗದ ಮೇಲೆ. ಗಾಳಿಯೂ ಇಳಿದಿರುತ್ತದೆ, ಆ ಜಾಗ ಚಪ್ಪಟೆಯಾಗುತ್ತದೆ. ಸಣ್ಣ ಚಪ್ಪಟೆಯಾದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಟಯರ್ ಬಿಸಿಯಾದಾಗ ಸರಿಹೋಗುತ್ತದೆ. ತಿಂಗಳುಗಟ್ಟಲೆ ನಿಂತದ್ದು ಹಾಗೆಯೇ ಉಳಿಯಲೂಬಹುದು. ಜೊತೆಗೆ ಕಾಪು ಕಡಲಿನ ಉಪ್ಪುಗಾಳಿ. ಬ್ರೇಕ್ ಡಿಸ್ಕಿಗೆ ಒಂದೆರಡು ದಿನದಲ್ಲೇ ತುಕ್ಕು ಹಿಡಿಯುತ್ತದೆ. ಅದು ಬ್ರೇಕ್ ಹಾಕಿದರೆ ಉಜ್ಜಿ ಹೋಗುವಂಥದ್ದೇ. ಆದರೆ ಪ್ಯಾಡ್ ಒತ್ತಿ ಕೂತಲ್ಲಿ ತಿಂಗಳಾನುಗಟ್ಟಲೆ ಕೂತ ತುಕ್ಕು ಡಿಸ್ಕಿನಲ್ಲಿ ಅದರದೇ ಅಚ್ಚು ಬಿಡುತ್ತದೆ, ಆಮೇಲೆ ಪ್ರತಿ ಬ್ರೇಕಿಗೂ ಪೆಡಲ್ ಕಾಲನ್ನು ತಳ್ಳುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಎಲ್ಲರೂ ಹೇಳುವುದುಂಟು. ಹೆಚ್ಚಿನ ಸಲ ಬೆಂಡಲ್ಲ, ದಪ್ಪ ಒಂದೇ ಸಮನಾಗಿ ಉಳಿದಿರುವುದಿಲ್ಲ. ದಪ್ಪ ಸಾಕಷ್ಟು ಇದ್ದರೆ ಲೇಥಿನಲ್ಲಿ ತೆಳುವಾಗಿ ಕೆತ್ತಿಸಿದರೂ ಆಗುತ್ತದೆ. ಎಷ್ಟು ದಪ್ಪಕ್ಕಿಂತ ಕೆಳಗೆ ಹೋಗಬಾರದು ಎಂದು ಹೆಚ್ಚಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ.

ಇನ್ನೊಂದು ಕೆಂಪು ಮಣ್ಣು. ಅದನ್ನು ಬ್ಯಾಂಕಣ್ಣನ ಕಾರಿನಲ್ಲೇ ಕಂಡೆವು. ಐದಂಕಿಯ ಎಸ್ಟಿಮೇಟನ್ನು ಬದಿಗಿಟ್ಟು, ಕಟಪಾಡಿ ಕಡೆಯ ಒಂದು ಟಯರ್ ಅಂಗಡಿಗೆ ಹೋದೆವು. ಹುಡುಗ ಮುಂದಿನ ಬಲಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಮಷಿನ್ನಿಗೆ ಹಾಕುವವನಿದ್ದ. ಸ್ವಲ್ಪ ನಿಲ್ಲಪ್ಪಾ, ಒಳಮೈ ತೋರಿಸು ಎಂದೆ. ರಿಮ್ಮಿನ ಒಳಗಡೆ, ಒಂದು ಮಗ್ಗುಲಿಗೆ ಮಾತ್ರ, ಮಳೆಗಾಲದ ಮಣ್ಣು ಅಂಗೈ ಅಗಲಕ್ಕೆ ಒಣಗಿ ಮುರಕಲ್ಲೇ ಆಗಿತ್ತು. ಪ್ರತಿವಾರ ತೊಳೆಯುವ ಕಾರು! ತೊಳೆಯುವುದು ಹೊರಮೈ, ಒಳಗೆ ಕೈ ಹೋಗುವುದಿಲ್ಲ. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದಾಗ ಹೆಂಟೆ ಹೆಂಟೆಯಾಗಿ ಬಿತ್ತು. ಅದರ ಪಕ್ಕದಲ್ಲೇ ಹಳೆಯ ತೂಕದ ಪಟ್ಟಿ ಅಂಟಿದ್ದ ಗುರುತು ಮಾತ್ರ ಇತ್ತು, ಪಟ್ಟಿ ಇರಲಿಲ್ಲ. ಧೂಳಿನ ಮೇಲೆಯೇ ಅಂಟಿಸಿದ್ದರೆ ಅದು ಎಷ್ಟು ದಿನ ನಿಂತೀತು?

ಮಷಿನ್ನಿನಲ್ಲಿ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಅಂಕಿ ಬರುತ್ತದೆ, ಎರಡನ್ನೂ ನೀವೇ ನಿಂತು ನೋಡಬೇಕು. ಮಣ್ಣು ತೆಗೆದ ಮೇಲೂ ಹೊರಮಗ್ಗುಲಲ್ಲಿ 45 ತೋರಿಸಿತು. ಹುಡುಗ ಬಟ್ಟೆಗೆ ಪೆಟ್ರೋಲ್ ಹಚ್ಚಿ ಜಾಗ ಒರೆಸಿ, ಅಷ್ಟು ಗ್ರಾಮಿನ ಪಟ್ಟಿ ಅಂಟಿಸಿ, ಮತ್ತೆ ತಿರುಗಿಸಿದ. ಎರಡೂ ಕಡೆ ಸೊನ್ನೆ. ತಿರುಗುವಾಗ ರಿಮ್ಮಿನ ಅಂಚು ಆಚೀಚೆ ಓಲಾಡುತ್ತದೋ ಎಂದು ಕಣ್ಣು ನೇರಮಾಡಿ ನೋಡಬೇಕು. ಹೊಂಡಕ್ಕೆ ಬಿದ್ದು ಬೆಂಡಾದ ರಿಮ್ಮಿಗೆ ತೂಕ ಹಚ್ಚಿದರೆ ಮಷಿನ್ನಿನಲ್ಲಿ ಸೊನ್ನೆ ಬಂದೀತು, ಹೈವೇಯಲ್ಲಿ ನಡುಕ ಹೋಗಲಿಕ್ಕಿಲ್ಲ. ಚಕ್ರ ವಾಪಸ್ ಹಾಕುವ ಮೊದಲು ಹಬ್ಬಿನ ಮುಖಕ್ಕೂ ಒಂದು ಬ್ರಷ್ ಎಳೆಯಲು ಹೇಳಿ. ಅಲ್ಲಿ ತುಕ್ಕೋ ಮಣ್ಣೋ ಕೂತಿದ್ದರೆ ಚಕ್ರ ಸೊಟ್ಟ ಕೂರುತ್ತದೆ. ನಟ್ಟುಗಳನ್ನು ಸಾಲಾಗಿ ಬಿಗಿಯುತ್ತಾ ಹೋಗಬಾರದು, ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದು.

“ಅಲೈನ್‌ಮೆಂಟೂ ಮಾಡಿಬಿಡ್ಲಾ ಸರ್?” ಎಂದ ಹುಡುಗ. ಬ್ಯಾಂಕಣ್ಣ ತಲೆಯಾಡಿಸುವುದರಲ್ಲಿದ್ದರು, ನಾನು ಬೇಡವೆಂದೆ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟಯರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಇವರ ಕಾರು ನೇರ ಹೋಗುತ್ತಿತ್ತು, ಟಯರ್ ಸಮನಾಗಿ ಸವೆದಿತ್ತು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಜೋಡಿ ಮಾಡಿ ಮಾರುವುದು ರೂಢಿಯಾಗಿ ಜನರಿಗೆ ಎರಡೂ ಒಂದೇ ಎಂದಾಗಿದೆ.

ಪಾಂಗಾಳ ಸೇತುವೆ ದಾಟಿ, ಕಾಪು, ಉಚ್ಚಿಲದವರೆಗೆ ಹೋಗಿ ನೋಡಿದೆವು. ಎಂಬತ್ತು, ತೊಂಬತ್ತು. ಸ್ಟಿಯರಿಂಗ್ ಶಾಂತ. ಬ್ಯಾಂಕಣ್ಣ ಎರಡೂ ಕೈ ಬಿಟ್ಟು ತೋರಿಸಲು ಹೊರಟರು, ಬೇಡವೆಂದೆ. ಆದರೆ ಸೀಟಿನಲ್ಲಿ ಒಂದು ಸಣ್ಣ ಜುಮ್ಮು ಇನ್ನೂ ಉಳಿದಿತ್ತು.

“ಅದು ಮೊದಲು ಇರಲಿಲ್ಲ,” ಅಂದರು ಅವರು. ಇತ್ತು. ದೊಡ್ಡದರ ಅಬ್ಬರದಲ್ಲಿ ಸಣ್ಣದು ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಬಳಿಯೇ ಜಾಕ್ ಕೊಟ್ಟು, ಹಿಂದಿನ ಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಿದೆವು. ಮಲ್ಲಿಗೆ ಕೊಯ್ಯುತ್ತಿದ್ದ ಅಕ್ಕ, ಅಂದರೆ ಬ್ಯಾಂಕಣ್ಣನ ಹೆಂಡತಿ, ಬುಟ್ಟಿ ಹಿಡಿದುಕೊಂಡೇ ಬಂದು ನಿಂತರು. ಅಟ್ಟೆ ಮಲ್ಲಿಗೆಗೆ ಇವತ್ತು ಶಂಕರಪುರದಲ್ಲಿ ಎಷ್ಟು ರೇಟೋ ಎಂಬ ಚಿಂತೆ ಅವರದು. ಆದರೂ ಟಯರಿನ ಉಬ್ಬು ಮೊದಲು ಕಂಡದ್ದು ಅವರಿಗೇ. “ಇದೇನು ಇಲ್ಲಿ ಬಾತಿದೆ?” ಅಂದರು. ಎಡಗಡೆಯ ಹಿಂದಿನ ಟಯರಿನ ಒಳಮಗ್ಗುಲಲ್ಲಿ, ಅರ್ಧ ಲಿಂಬೆಯಷ್ಟು ಉಬ್ಬು. ಒಳಗಿನ ನೂಲು ಹರಿದು, ಗಾಳಿ ಬರೀ ರಬ್ಬರನ್ನು ನೂಕುತ್ತಿತ್ತು.

“ಟಯರ್ ಹೊಸದರ ಹಾಗೆಯೇ ಉಂಟಲ್ಲ, ಗೀರು ಎಲ್ಲ ಹಾಗೇ ಉಂಟು!” ಎಂದು ಬ್ಯಾಂಕಣ್ಣ ವಾದಕ್ಕೆ ನಿಂತರು. ಟಯರಿನ ಮಗ್ಗುಲಲ್ಲಿ ಒಂದು ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಅವರದರಲ್ಲಿ 2314 ಎಂದಿತ್ತು. 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕಂತೂ ಗೀರು ಇದ್ದರೂ ಬದಲಿಸಿ ಎಂದು ಟಯರ್ ಕಂಪನಿಗಳಲ್ಲೂ ಕೆಲವು ಹೇಳುತ್ತವೆ. ಅವರಿಗೆ ಮಾರಾಟ ಬೇಕು ಎಂದು ನಗಬಹುದು. ಆದರೆ ಉಬ್ಬಿದ ಟಯರ್ ತೊಂಬತ್ತರಲ್ಲಿ ಒಡೆದರೆ ಆ ನಗು ಇರುವುದಿಲ್ಲ.

ಅಕ್ಕ ಒಂದೇ ಮಾತು ಕೇಳಿದರು: “ಇದರಲ್ಲೇ ಅಲ್ಲವಾ ನೀವು ನೂರರ ಮೇಲೆ ಓಡಿಸುತ್ತಿದ್ದದ್ದು?” ಬ್ಯಾಂಕಣ್ಣ ಮಲ್ಲಿಗೆ ಗಿಡದ ಕಡೆ ನೋಡಿದರು.

ಅದೇ ದಿನ ಹಿಂದಿನ ಎರಡೂ ಟಯರ್ ಬದಲಾದವು. ಐದಂಕಿಯ ಎಸ್ಟಿಮೇಟಿನಲ್ಲಿದ್ದ ಒಂದು ಸಾಮಾನೂ ಬೇಕಾಗಲಿಲ್ಲ. ಬ್ಯಾಲೆನ್ಸಿಂಗಿಗೆ ಹೋದದ್ದು ಕೆಲವು ನೂರು ರೂಪಾಯಿ, ದುಡ್ಡು ಹಿಡಿದದ್ದು ಟಯರೇ. ಅದು ಹೇಗೂ ಹಾಕಲೇಬೇಕಿದ್ದ ಖರ್ಚು. ಈಗ ಬ್ಯಾಂಕಣ್ಣನೇ ಬೇಲಿಯಾಚೆಯಿಂದ ಬೇರೆಯವರ ಕಾರಿಗೆ ಮದ್ದು ಹೇಳುತ್ತಾರೆ. ಮೊನ್ನೆ ಯಾರಿಗೋ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡಲು ಹೇಳುತ್ತಿದ್ದರು. ನಡುಕ ಸ್ಟಿಯರಿಂಗಿನಿಂದ ಸೀಟಿಗೆ ಹೋದರೆ ಕಳ್ಳ ಚಕ್ರದಲ್ಲೇ ಇದ್ದಾನೆ ಎಂದು. ಆ ಮದ್ದು ಸರಿಯಾದದ್ದೇ, ಖರ್ಚೂ ಇಲ್ಲ. ಬದಲಿಗೆ ಸ್ಟೆಪ್ನಿ ಹಾಕಿ ನೋಡುವವರು ಒಂದು ವಿಷಯ ಗಮನಿಸಿ: ಈಗಿನ ಎಷ್ಟೋ ಕಾರಿನ ಸ್ಟೆಪ್ನಿ ಸಪೂರದ್ದು, ಅದರ ಮೇಲೆ 80ರ ಮಿತಿ ಎಂದು ಬರೆದೇ ಇರುತ್ತದೆ, ಅದನ್ನು ಹಾಕಿಕೊಂಡು ತೊಂಬತ್ತರ ಪರೀಕ್ಷೆ ಮಾಡಬಾರದು.

ನಿಮ್ಮ ಕಾರು ನಡುಗದಿದ್ದರೂ ಸರಿ, ಮುಂದಿನ ಸಲ ಮಂಗಳೂರಿಗೆ ಹೊರಡುವ ಹಿಂದಿನ ದಿನ ನಾಲ್ಕೂ ಟಯರಿನ ಒಳಮಗ್ಗುಲಿಗೆ ಒಮ್ಮೆ ಟಾರ್ಚ್ ಹಾಕಿ ನೋಡಿ. ಮಣ್ಣು ಕಂಡರೆ ಕೆರೆದು ತೆಗೆಯಿರಿ. ಉಬ್ಬು ಕಂಡರೆ ಮಾತ್ರ ಆ ಟಯರಿನಲ್ಲಿ ಹೈವೇ ಹತ್ತಬೇಡಿ.