ವಿಂಜ್ ಮೀಮಾಂಸೆ: ಒಂದು ಪಾತಾಳಶಬ್ದದ ಅರ್ಥವಿಚಾರ

ಅಥಾತೋ ವಿಂಜ್‌ಜಿಜ್ಞಾಸಾ.

ಲಕ್ಷಣ: ಇಂಗ್ಲಿಷ್ ಬಲ್ಲವರೂ ಹುಬ್ಬು ಗಂಟಿಕ್ಕುವ ಇಂಗ್ಲಿಷ್ ಪದ ವಿಂಜ್. ನೆಲದ ಮೇಲಿಂದ ತೋಡಿದ್ದು ಶಾಫ್ಟ್. ಗಣಿಯೊಳಗೆ ಒಂದು ಅಂತಸ್ತಿನಿಂದ ಅದರ ಕೆಳಗಿನದಕ್ಕೆ ತೋಡಿದ್ದು ವಿಂಜ್. ಅಂದರೆ ಆಕಾಶ ಕಾಣದ ಬಾವಿ. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ ಈ ಶಬ್ದದ ಧರ್ಮಕ್ಷೇತ್ರ.

ಕೋಶಪ್ರಮಾಣ: ಕಿಟ್ಟೆಲ್‌ರ ಕನ್ನಡ ಕೋಶ ಅಚ್ಚಾದದ್ದು 1894ರಲ್ಲಿ; ಕೆಜಿಎಫ್‌ನ ಮಾರಿಕುಪ್ಪಂಗೆ ರೈಲು ಬಂದದ್ದೂ ಅದೇ ವರ್ಷ. ರೈಲು ವಿಂಜ್ ಪದವನ್ನು ಹೊತ್ತು ತರುವಷ್ಟರಲ್ಲಿ ಕೋಶಕ್ಕೆ ಬೈಂಡಿಂಗ್ ಆಗಿತ್ತೆಂಬುದು ನಮ್ಮ ಊಹೆ. ಊಹೆಗೆ ಆಧಾರ ಕೇಳುವುದು ಸಂಶೋಧನಾಧರ್ಮವಲ್ಲ.

ಪೂರ್ವಪಕ್ಷ: ಕೆಜಿಎಫ್ ಪಕ್ಕದ ಬೌರಿಂಗ್‌ಪೇಟೆ ಎಂಬ ಊರಿನ ಹೆಸರು ನೆಲ ಕೊರೆಯುವ ಬೋರಿಂಗ್‌ನಿಂದ ಬಂತು, ಆದ್ದರಿಂದ ವಿಂಜ್‌ನ ಮೂಲವೂ ಅಲ್ಲೇ ಎನ್ನುವವರುಂಟು. ಇದು ಹುಸಿ. ಆ ಹೆಸರು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರದು. ಊರು ಆಮೇಲೆ ಬಂಗಾರಪೇಟೆಯಾಯಿತು. ಬಂಗಾರ ಮಾತ್ರ ಪಕ್ಕದೂರಲ್ಲೇ ಉಳಿಯಿತು. ಇಲ್ಲಿ ಸಿಗುವುದು ಬಣ್ಣವಿಲ್ಲದ ನೀರಿನ ಪಾನಿಪುರಿ. ಅದರ ನೆತ್ತಿಯಲ್ಲಿ ಹೆಬ್ಬೆರಳು ಮಾಡುವ ತೂತು ಮೇಲಿಂದ ಆದದ್ದರಿಂದ ಶಾಫ್ಟ್ ಅನ್ನಿಸಿಕೊಳ್ಳುತ್ತದೆಯೇ ಹೊರತು ವಿಂಜ್ ಆಗದು.

ಸಾಹಿತ್ಯಪ್ರಯೋಗ: ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ‘ಹ್ಯಾಲೋವೀನ್’ ಕವನದಲ್ಲಿ ವಿಂಜ್ ಎಂದಿದ್ದಾನೆ. ಅಲ್ಲಿ ಅರ್ಥ ಬೈಗುಳ, ಶಾಪ. ಕೋಶಕಾರರು ಇವನ್ನು ಎರಡು ಪ್ರತ್ಯೇಕ ಪದಗಳೆನ್ನುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರು ಚಾಂಪಿಯನ್ ರೀಫ್ ಗೇಟಿನಲ್ಲಿ ನಿಂತಿದ್ದರೆ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು.

ಶಂಕೆ: ಅಪ್ಪಂದಿರು ನಸುಕಿನಲ್ಲಿ ಗಣಿಗೆ ಇಳಿದರು, ಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇದೂ ವಿಂಜ್ ಅಲ್ಲವೇ?

ಸಮಾಧಾನ: ಅಲ್ಲ. ಅಡ್ಡಕ್ಕೆ ಹೋಗುವ ಸುರಂಗಕ್ಕೆ ಗಣಿಭಾಷೆಯಲ್ಲಿ ಡ್ರೈವ್ ಎನ್ನುತ್ತಾರೆ. ಸೀಟು ಸಿಗದಿದ್ದರೂ ಪರಿಭಾಷೆ ತಪ್ಪಬಾರದು.

ಸಿದ್ಧಾಂತ: ವಿಂಜ್, ನಾಮಪದ. 1. ಕೆಳಗೇ ಶುರುವಾಗಿ ಕೆಳಗೇ ಮುಗಿಯುವ, ಮೇಲಿನವರ ಕಣ್ಣಿಗೆ ಬೀಳದ ತೋಡು. 2. ಅದನ್ನು ತೋಡಿದವನು ಮೇಲೆ ಬಂದು, ಮುಂದೇನು ಎಂದು ಕೇಳಿ, ಉತ್ತರ ಸಿಗದೆ ಆಡಿದ ಮಾತು. 3. ಗಣಿ ಮತ್ತೆ ತೆರೆಯುತ್ತದೆಂಬ ಭರವಸೆ. ಚುನಾವಣೆಗೆ ಮುಂಚೆ ಬಹುವಚನದಲ್ಲಿ ಪ್ರಯೋಗ.

ಮುಂದಿನ ಕೋಶಕಾರರು ಮೂರೂ ಅರ್ಥಗಳನ್ನು ಸೇರಿಸಿಕೊಳ್ಳಬೇಕು. ಕರಡು ತಿದ್ದುವವರು ದಯವಿಟ್ಟು ಇದನ್ನು ‘ವಿಂಚ್’ ಮಾಡಬಾರದು. ವಿಂಚ್ ಭಾರವನ್ನು ಮೇಲಕ್ಕೆತ್ತುತ್ತದೆ. ಕೆಜಿಎಫ್‌ಗೆ ಆ ಪದ ಇನ್ನೂ ಅನ್ವಯಿಸಿಲ್ಲ.